ಬಂಗು, ಸ್ನೋ ಮತ್ತು 1975

ದಾದಿಮಾ ತೀರಿಕೊಂಡ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ ನಮಗೆ ಸಿಕ್ಕಿದ್ದು ಎರಡು ಹಳೆಯ ದುಪಟ್ಟಾ, ಒಂದು ಹಿತ್ತಾಳೆಯ ಪಾನ್‌ದಾನ್, ಹಳೆಯ ರೇಷನ್ ಕಾರ್ಡು ಮತ್ತು ಗಾಜಿನ ಒಂದು ಶೀಷೆ. ಶೀಷೆಯೊಳಗೆ ಸೂಜಿ, ಗುಂಡಿ, ಎರಡು ಸೇಫ್ಟಿ ಪಿನ್ನು. ಹೊರಗಿನ ಚೀಟಿ ಅರ್ಧ ಅಳಿಸಿತ್ತು, ಆದರೂ ಓದಲು ಬರುವಂತಿತ್ತು: ಅಫ್ಘಾನ್ ಸ್ನೋ. ಇಡೀ ಜೀವನ ಒಲೆಯ ಮುಂದೆ ಕಳೆದ, ಗೋಧಿಗಿಂತ ಒಂದು ಪಟ್ಟು ಹೆಚ್ಚೇ ಕಪ್ಪಗಿದ್ದ ನಮ್ಮ ದಾದಿಮಾ ಯಾವತ್ತೋ ಒಂದು ದಿನ ಈ ಶೀಷೆಯ ಮುಚ್ಚಳ ತೆರೆದು ಕನ್ನಡಿಯ ಮುಂದೆ ನಿಂತಿದ್ದರು ಎಂಬುದನ್ನು ಕಲ್ಪಿಸಿಕೊಳ್ಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ 'ಸ್ನೋ ಪೌಡರ್' ಎಂಬುದು ಉಪ್ಪು ಮೆಣಸಿನಂತೆ ಜೋಡಿ ಪದವಾಗಿತ್ತು. ಸ್ನೋ ಎಂದರೆ ಹಿಮ ಎಂದು ಗೊತ್ತಿಲ್ಲದವರೂ ಸ್ನೋ ಹಚ್ಚಿಕೊಳ್ಳುತ್ತಿದ್ದರು. ಅಫ್ಘಾನ್ ಸ್ನೋ ಮುಂಬಯಿಯಲ್ಲಿ 1919ರಲ್ಲಿ ಹುಟ್ಟಿತು. ಅದನ್ನು ತಯಾರಿಸಿದವರು ರಾಜಸ್ಥಾನದಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಿದ್ದ ಇಬ್ರಾಹೀಂ ಸುಲ್ತಾನ್‌ಅಲಿ ಪಾಟನ್‌ವಾಲಾ. ಹೆಸರಿನ ಹಿಂದೆ ಒಂದು ಕಥೆ ಪ್ರಚಲಿತದಲ್ಲಿದೆ. ಅಫ್ಘಾನಿಸ್ತಾನದ ದೊರೆ ಮುಂಬಯಿಗೆ ಬಂದಾಗ ಈ ಬಿಳಿ ಲೇಪವನ್ನು ಕಂಡು ನಮ್ಮ ದೇಶದ ಹಿಮದಂತಿದೆ ಎಂದರಂತೆ, ಅದೇ ಹೆಸರಾಯಿತಂತೆ. ಕೆಲವರು ಆ ದೊರೆ ಝಾಹಿರ್ ಶಾ ಎನ್ನುತ್ತಾರೆ. ಆದರೆ ಝಾಹಿರ್ ಶಾ ಪಟ್ಟಕ್ಕೆ ಬಂದದ್ದೇ 1933ರಲ್ಲಿ. ಕಥೆ ಬರೆಯುವವರಾದ ನಮಗೆ ಇಂಥ ತಪ್ಪುಗಳ ಮೇಲೆ ಕೋಪ ಬರುವುದಿಲ್ಲ. ಒಂದು ಸರಕಿಗೆ ದೊರೆಯ ಹೆಸರು ಬೇಕಾದಾಗ ಇಸವಿಯನ್ನು ಯಾರು ಕೇಳುತ್ತಾರೆ?

ಆ ಕಾಲದ ಸ್ನೋಗಳು ಬಹುತೇಕ ನಿರುಪದ್ರವಿಗಳು. ಅವುಗಳಲ್ಲಿ ಮುಖ್ಯವಾಗಿ ಇರುತ್ತಿದ್ದದ್ದು ಸ್ಟಿಯರಿಕ್ ಆಮ್ಲ, ನೀರು, ಸುವಾಸನೆ. ಹಚ್ಚಿದರೆ ಮುಖ ತುಸು ಬೆಳ್ಳಗೆ ಕಾಣುತ್ತಿತ್ತು, ತೊಳೆದರೆ ಹೋಗುತ್ತಿತ್ತು. ಚರ್ಮದ ಒಳಗೆ ಕೈ ಹಾಕುವ ಶಕ್ತಿ ಅದಕ್ಕಿರಲಿಲ್ಲ. ಆ ಶಕ್ತಿ ಹೇಗೆ ಬಂತು, ಬಂದು ಏನು ಮಾಡಿತು ಎಂಬುದೇ ನಾವಿಲ್ಲಿ ಹೇಳಹೊರಟಿರುವ ಚರಿತ್ರೆ.

ಮುಖದ ಕಲೆ ಹೊಸ ಕಾಯಿಲೆಯಲ್ಲ. ಕೆನ್ನೆಯ ಮೇಲೆ, ಮೂಗಿನ ಮೇಲೆ, ಹಣೆಯಲ್ಲಿ ಕಂದು ಬಣ್ಣದ ಛಾಯೆ ಹರಡುವುದನ್ನು ಕನ್ನಡದಲ್ಲಿ ಬಂಗು ಎನ್ನುತ್ತೇವೆ. ಇಂದಿನ ವೈದ್ಯರು ಮೆಲಾಸ್ಮಾ ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದು ಕ್ಷುದ್ರರೋಗಗಳ ಸಾಲಿನಲ್ಲಿ 'ವ್ಯಂಗ' ಎಂಬ ಹೆಸರಿನಿಂದ ಬರುತ್ತದೆ. ಕೋಪ ಮತ್ತು ಆಯಾಸದಿಂದ ಕೆರಳಿದ ವಾತವು ಪಿತ್ತದೊಡನೆ ಮುಖಕ್ಕೆ ಏರಿ, ನೋವಿಲ್ಲದ, ತೆಳುವಾದ, ಕಪ್ಪು ಛಾಯೆಯ ಮಂಡಲವನ್ನು ಉಂಟುಮಾಡುತ್ತದೆ ಎಂಬುದು ಅಲ್ಲಿಯ ವಿವರಣೆ. ನೋವಿಲ್ಲದ, ತೆಳುವಾದ ಎಂಬ ಎರಡು ಮಾತುಗಳು ಇಂದಿಗೂ ನಿಜ. ವ್ಯಂಗವೇ ಬಾಯಿಂದ ಬಾಯಿಗೆ ಸವೆದು ನಮ್ಮ ಬಂಗು ಆಗಿರಬೇಕೆಂದು ನಮ್ಮ ಊಹೆ. ನಮ್ಮ ಮನೆಗಳಲ್ಲಿ ಇದಕ್ಕೆ ಝಾಯಿಯಾಂ ಎನ್ನುತ್ತಾರೆ. ಅರಬಿಯಲ್ಲಿ ಕಲಫ್. ಇಬ್ನ್ ಸೀನಾ ತಮ್ಮ 'ಅಲ್-ಕಾನೂನ್'ನ ನಾಲ್ಕನೆಯ ಪುಸ್ತಕದಲ್ಲಿ ಕೂದಲು, ಚರ್ಮ, ಅಂದಚೆಂದಗಳಿಗೆಂದೇ ಒಂದು ಭಾಗವನ್ನಿಟ್ಟು ಕಲಫ್, ಬಹಕ್, ಬರಸ್, ನಮಶ್ ಎಂದು ಕಲೆಗಳನ್ನು ಬೇರೆಬೇರೆಯಾಗಿ ಹೆಸರಿಸಿದ್ದಾರೆ. ಕುರ್ತುಬಾದ ಅಲ್-ಝಹ್ರಾವಿ ತಮ್ಮ 'ಅಲ್-ತಸ್ರೀಫ್'ನ ಹತ್ತೊಂಬತ್ತನೆಯ ಭಾಗವನ್ನು ಪೂರ್ತಿಯಾಗಿ ಸೌಂದರ್ಯದ ಔಷಧಗಳಿಗೆ ಮೀಸಲಿಟ್ಟರು.

ಹಾಗೆಂದು ಹಳೆಯವರೆಲ್ಲ ನಿರ್ದೋಷಿಗಳು ಎಂದು ನಾವು ಹೇಳುತ್ತಿಲ್ಲ. ಕಲೆ ಹೋಗಿಸುವ ಲೇಪದ ಪಕ್ಕದಲ್ಲೇ ಬಣ್ಣ ತಿಳಿಯಾಗಿಸುವ ಲೇಪವೂ ಇತ್ತು. ಸಫೇದಾ, ಅಂದರೆ ಸೀಸದ ಬಿಳಿ ಪುಡಿ, ಪೂರ್ವ ಪಶ್ಚಿಮ ಎರಡೂ ಕಡೆ ಶ್ರೀಮಂತ ಹೆಂಗಸರ ಮುಖವನ್ನು ಶತಮಾನಗಳ ಕಾಲ ವಿಷಗೊಳಿಸಿತು. ಆದರೆ ಇನ್ನೊಂದು ಧ್ವನಿಯೂ ಇತ್ತು. 868ರ ಸುಮಾರಿನಲ್ಲಿ ತೀರಿಕೊಂಡ ಬಸ್ರಾದ ಅಲ್-ಜಾಹಿಜ್ ಬಿಳಿಯರ ಮುಂದೆ ಕರಿಯರ ಹೆಮ್ಮೆ ಏನು ಎಂಬುದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕಪ್ಪು ಬಣ್ಣ ಯಾರದೋ ಶಾಪದ ಫಲವಲ್ಲ, ಅದು ಬಿಸಿಲಿನ ಸೀಮೆಯ ಹವೆಯ ಫಲ ಎಂದು ಇಬ್ನ್ ಖಲ್ದೂನ್ 1377ರ ತಮ್ಮ 'ಮುಕದ್ದಿಮಾ'ದಲ್ಲಿ ವಾದಿಸಿದರು. ಇವರಿಬ್ಬರ ಹೆಸರುಗಳನ್ನು ಹೆಮ್ಮೆಯಿಂದ ಹೇಳುವ ನಮ್ಮ ಉರ್ದು ಪತ್ರಿಕೆಗಳಲ್ಲೇ 'ಜರೂರತ್-ಎ-ರಿಷ್ತಾ' ಅಂಕಣದ ಪ್ರತಿ ಎರಡನೆಯ ಸಾಲಿನಲ್ಲಿ ಗೋರಿ ಹುಡುಗಿ ಬೇಕು ಎಂದು ಅಚ್ಚಾಗುತ್ತಿತ್ತು. ನಾವು ಉರ್ದು ಕಲಿತದ್ದು ಅರ್ಧ ಶಾಲೆಯಲ್ಲಿ, ಅರ್ಧ ಆ ಅಂಕಣವನ್ನು ದಾದಿಮಾಗೆ ಓದಿ ಹೇಳುತ್ತ.

ಈಗ ಸ್ವಲ್ಪ ಚರ್ಮದ ವಿಷಯ. ಚರ್ಮದ ಹೊರಪದರದ ತಳದಲ್ಲಿ ಮೆಲನೋಸೈಟ್ ಎಂಬ ಕಣಗಳಿವೆ. ಅವು ಮೆಲನಿನ್ ಎಂಬ ಬಣ್ಣವನ್ನು ತಯಾರಿಸಿ ಸಣ್ಣ ಸಣ್ಣ ಗಂಟುಗಳಲ್ಲಿ ಕಟ್ಟಿ ಸುತ್ತಲಿನ ಕಣಗಳಿಗೆ ಹಂಚುತ್ತವೆ. ಈ ಕಾರ್ಖಾನೆಗಳ ಸಂಖ್ಯೆ ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚು ಕಡಿಮೆ ಒಂದೇ. ಗಂಟು ಎಷ್ಟು ದೊಡ್ಡದು, ಎಷ್ಟು ಕಾಲ ಉಳಿಯುತ್ತದೆ ಎಂಬುದರಲ್ಲಷ್ಟೇ ವ್ಯತ್ಯಾಸ. ಬಿಸಿಲು ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತದೆ. ಅದು ಕೊಡೆ ಬಿಚ್ಚಿದಂತೆ, ಒಳಗಿನ ಕಣವನ್ನು ಕಾಪಾಡುವುದಕ್ಕಾಗಿ. ಬಸಿರಿನ ಹಾರ್ಮೋನುಗಳು, ಗರ್ಭನಿರೋಧಕ ಗುಳಿಗೆ, ವಂಶದ ಗುಣ ಇವುಗಳಿಂದ ಕೆಲವರಲ್ಲಿ ಕೆನ್ನೆ ಹಣೆಗಳ ಕಾರ್ಖಾನೆಗಳು ಮಾತ್ರ ಅತಿಯಾಗಿ ದುಡಿಯತೊಡಗುತ್ತವೆ. ಅದೇ ಬಂಗು. ಮೊಡವೆ, ಗಾಯ, ಸುಟ್ಟ ಕಲೆ, ಅಲರ್ಜಿ ವಾಸಿಯಾದ ಜಾಗದಲ್ಲಿ ಕಪ್ಪು ಉಳಿಯುವುದು ಇನ್ನೊಂದು ಬಗೆ. ನಮ್ಮಂಥ ಕಂದು ಚರ್ಮದವರಲ್ಲಿ ಇದು ಹೆಚ್ಚು. ಕುಂಕುಮದಲ್ಲಿ ಬೆರೆಸುವ ಬಣ್ಣ ಒಗ್ಗದೆ ಹಣೆ ಕಪ್ಪಾಗುವುದುಂಟು. 'ಕಾಲಿ ಮೆಹಂದಿ'ಯಲ್ಲಿ ಬೆರೆಸುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದೆ ಕೆನ್ನೆ ಕಿವಿಗಳ ಸುತ್ತ ಕಪ್ಪು ಹರಡುವುದೂ ಉಂಟು. ಕತ್ತಿನ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗುವುದು ಹಲವು ಸಲ ಸಕ್ಕರೆ ಕಾಯಿಲೆ ಬರಲಿದೆ ಎಂಬುದರ ಸೂಚನೆ. ಆದರೆ ನಮ್ಮ ತಾಯಂದಿರು ಅದನ್ನು ಕೊಳೆ ಎಂದು ತಿಳಿದು ಹೆಣ್ಣುಮಕ್ಕಳ ಕತ್ತನ್ನು ಹೀರೆಕಾಯಿ ನಾರಿನಿಂದ ರಕ್ತ ಬರುವವರೆಗೆ ತಿಕ್ಕಿದ್ದಾರೆ. ತಿಕ್ಕಿದಷ್ಟೂ ಅದು ಕಪ್ಪಾಗುತ್ತದೆ.

ಮೆಲನಿನ್ ತಯಾರಿಕೆಯನ್ನು ರಾಸಾಯನಿಕದಿಂದ ತಡೆಯಬಹುದೆಂದು ಜಗತ್ತಿಗೆ ಗೊತ್ತಾದದ್ದು ಒಂದು ಅಪಘಾತದಿಂದ. 1939ರಲ್ಲಿ ಅಮೆರಿಕದ ಒಂದು ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರ ಕೈಗಳು ತೊನ್ನು ಬಂದಂತೆ ಬೆಳ್ಳಗಾಗತೊಡಗಿದವು. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ತಪ್ಪು ಚರ್ಮದ ಮದ್ದಿನದಲ್ಲ, ಅವರಿಗೆ ತೊಡಲು ಕೊಟ್ಟಿದ್ದ ರಬ್ಬರ್ ಗವಸಿನದು ಎಂದು ವೈದ್ಯರು ಪತ್ತೆ ಮಾಡಿದರು. ರಬ್ಬರ್ ಹಾಳಾಗದಿರಲೆಂದು ಅದರಲ್ಲಿ ಹೈಡ್ರೋಕ್ವಿನೋನ್ ವರ್ಗದ ಒಂದು ವಸ್ತುವನ್ನು ಬೆರೆಸಿದ್ದರು. ಕೂಲಿಕಾರರ ಕೈ ಸುಟ್ಟ ಆ ವಸ್ತುವಿನ ಬಂಧುವೇ ಮುಂದೆ ಪರಿಮಳ ಬೆರೆಸಿಕೊಂಡು ಬಿಳುಪಿನ ಕ್ರೀಮುಗಳ ಡಬ್ಬಿಯೊಳಗೆ ಬಂದು ಕುಳಿತದ್ದು.

ನಮ್ಮ ದೇಶದವರಿಗೆ 1975 ಎಂದರೆ ತುರ್ತುಪರಿಸ್ಥಿತಿ. ಚರ್ಮದ ಚರಿತ್ರೆಯಲ್ಲಿಯೂ ಅದು ವಿಚಿತ್ರ ವರ್ಷ. ಆ ಒಂದೇ ವರ್ಷದಲ್ಲಿ ನಾಲ್ಕು ಊರುಗಳಲ್ಲಿ ನಾಲ್ಕು ಸಂಗತಿಗಳು ನಡೆದವು, ಒಂದಕ್ಕೊಂದು ಗೊತ್ತಿಲ್ಲದಂತೆ.

ಹಾರ್ವರ್ಡ್‌ನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಬಿಸಿಲಿಗೆ ಚರ್ಮ ಹೇಗೆ ವರ್ತಿಸುತ್ತದೆ ಎಂಬುದನ್ನು ಅಳೆಯಲು ಒಂದು ವರ್ಗೀಕರಣ ಮಾಡಿದರು. ಮೊದಲು ಅದರಲ್ಲಿ ಇದ್ದದ್ದು ಬಿಳಿ ಚರ್ಮದ ನಾಲ್ಕು ಬಗೆಗಳು ಮಾತ್ರ. ಕಂದು ಮತ್ತು ಕಪ್ಪು ಎಂಬ ಐದನೆಯ, ಆರನೆಯ ಬಗೆಗಳನ್ನು ಸೇರಿಸಿದ್ದು ನಂತರ. ಅಂದರೆ ಭೂಮಿಯ ಮೇಲಿನ ಬಹುಪಾಲು ಜನ ಕೊನೆಯ ಎರಡು ಸಾಲುಗಳಲ್ಲಿ ತಡವಾಗಿ ಜಾಗ ಪಡೆದರು.

ಫಿಲಡೆಲ್ಫಿಯಾದಲ್ಲಿ ಆಲ್ಬರ್ಟ್ ಕ್ಲಿಗ್‌ಮನ್ ತಮ್ಮ ಸಹೋದ್ಯೋಗಿಯೊಡನೆ ಒಂದು ಮುಲಾಮಿನ ಸೂತ್ರವನ್ನು ಪ್ರಕಟಿಸಿದರು. ಶೇಕಡಾ 5 ಹೈಡ್ರೋಕ್ವಿನೋನ್, ಶೇಕಡಾ 0.1 ಟ್ರೆಟಿನಾಯಿನ್, ಶೇಕಡಾ 0.1 ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಮೂರೂ ಸೇರಿದರೆ ಐದರಿಂದ ಏಳು ವಾರಗಳಲ್ಲಿ ಚರ್ಮದ ಬಣ್ಣ ಹೋಗುತ್ತದೆ, ಬಂಗಿಗೆ ಗುಣ ಕಾಣುತ್ತದೆ ಎಂದು ಅವರು ತೋರಿಸಿದರು. ವೈದ್ಯಶಾಸ್ತ್ರಕ್ಕೆ ಇದು ದೊಡ್ಡ ಕೊಡುಗೆಯೇ. ಇಂದಿಗೂ ಬಂಗಿನ ಚಿಕಿತ್ಸೆ ಈ ಸೂತ್ರದ ನೆರಳಿನಲ್ಲಿದೆ. ಆದರೆ ಕ್ಲಿಗ್‌ಮನ್ ಹೆಸರಿನೊಡನೆ ಇನ್ನೊಂದು ಹೆಸರೂ ಅಂಟಿಕೊಂಡಿದೆ: ಹೋಮ್ಸ್‌ಬರ್ಗ್ ಜೈಲು. 1951ರಿಂದ 1974ರವರೆಗೆ ಆ ಜೈಲಿನ ಕೈದಿಗಳ ಚರ್ಮದ ಮೇಲೆ, ಅವರಲ್ಲಿ ಬಹಳ ಮಂದಿ ಕಪ್ಪು ಜನ, ಅಲ್ಪ ಹಣ ಕೊಟ್ಟು ಅವರು ಬಗೆಬಗೆಯ ಪ್ರಯೋಗಗಳನ್ನು ನಡೆಸಿದ್ದರು. ಆಲನ್ ಹಾರ್ನ್‌ಬ್ಲಮ್ 1998ರಲ್ಲಿ ಇದರ ಬಗ್ಗೆ ಪುಸ್ತಕ ಬರೆದಾಗ ಜಗತ್ತು ಬೆಚ್ಚಿತು. ಒಳ್ಳೆಯ ಔಷಧವನ್ನು ಕೊಟ್ಟ ಕೈಯ ಬಗ್ಗೆ ಏನು ಹೇಳಬೇಕೆಂದು ನಮಗೆ ಇಂದಿಗೂ ತೋಚಿಲ್ಲ.

ಅದೇ ವರ್ಷ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ, ಪ್ರಿಟೋರಿಯಾದ ಫಿಂಡ್ಲೆ ಮತ್ತು ಅವರ ಜೊತೆಗಾರರು ಒಂದು ಭಯಂಕರ ಸಂಗತಿಯನ್ನು ವರದಿ ಮಾಡಿದರು. ಬಿಳುಪಿಗಾಗಿ ವರ್ಷಗಟ್ಟಲೆ ಹೈಡ್ರೋಕ್ವಿನೋನ್ ಕ್ರೀಮು ಹಚ್ಚಿದ ಕಪ್ಪು ಹೆಂಗಸರ ಕೆನ್ನೆಗಳು ನೀಲಿಗಪ್ಪಾಗಿ, ಸಾಸಿವೆ ಚೆಲ್ಲಿದಂತೆ ಗುಳ್ಳೆಗಟ್ಟಿದ್ದವು. ಆಕ್ರೋನೋಸಿಸ್ ಎಂದು ಇದರ ಹೆಸರು. ಇದು ಹೋಗುವುದು ಬಹಳ ಕಷ್ಟ. ಬೆಳ್ಳಗಾಗಲು ಹೊರಟವರು ಹಿಂದಿರುಗಲಾಗದ ಕಪ್ಪಿಗೆ ಬಂದು ನಿಂತಿದ್ದರು. ಕಪ್ಪು ಬಣ್ಣಕ್ಕೆ ಮತವಿಲ್ಲದ, ಕೆಲವು ಬೀದಿಗಳಲ್ಲಿ ನಿಲ್ಲಲೂ ಹಕ್ಕಿಲ್ಲದ ದೇಶದಲ್ಲಿ ಒಬ್ಬ ಹೆಂಗಸು ಆ ಡಬ್ಬಿಯನ್ನು ಕೊಂಡದ್ದು ಬರೀ ಚೆಲುವಿಗಾಗಿ ಎಂದು ಯಾರು ಹೇಳಬಲ್ಲರು? ಮುಂದೆ 1990ರಲ್ಲಿ ಆ ದೇಶ ಸೌಂದರ್ಯ ಸಾಧನಗಳಲ್ಲಿ ಹೈಡ್ರೋಕ್ವಿನೋನನ್ನು ನಿಷೇಧಿಸಿತು. ಯುರೋಪ್ 2001ರ ಹೊತ್ತಿಗೆ ಅದೇ ದಾರಿ ಹಿಡಿಯಿತು. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಅದು ಸಿಗುವುದು ನಿಂತದ್ದು 2020ರಲ್ಲಿ.

ನಾಲ್ಕನೆಯದು ನಮ್ಮದು. 1975ರಲ್ಲಿ ಹಿಂದುಸ್ತಾನ್ ಲಿವರ್ 'ಫೇರ್ ಅಂಡ್ ಲವ್ಲಿ'ಯನ್ನು ಮಾರುಕಟ್ಟೆಗೆ ತಂದಿತು. ನ್ಯಾಯವಾಗಿ ಹೇಳಬೇಕೆಂದರೆ ಅದರ ಮುಖ್ಯ ವಸ್ತು ನಿಯಾಸಿನಮೈಡ್, ಬಿ ಜೀವಸತ್ವದ ಒಂದು ರೂಪ. ಮೆಲನಿನ್ ಗಂಟುಗಳು ಪಕ್ಕದ ಕಣಗಳಿಗೆ ಹೋಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಚರ್ಮಕ್ಕೆ ಅದರಿಂದ ಕೇಡಿಲ್ಲ. ಇಂದು ಚರ್ಮರೋಗ ತಜ್ಞರೇ ಅದನ್ನು ಬರೆದುಕೊಡುತ್ತಾರೆ. ಕೇಡು ಇದ್ದದ್ದು ಟ್ಯೂಬಿನ ಒಳಗಲ್ಲ, ಜಾಹೀರಾತಿನಲ್ಲಿ. ಕಪ್ಪು ಹುಡುಗಿಗೆ ಕೆಲಸವಿಲ್ಲ, ವರನಿಲ್ಲ, ಅಪ್ಪನ ನಿಟ್ಟುಸಿರು ಮಾತ್ರ. ಕೆಲವು ವಾರ ಕಳೆದರೆ ಎಲ್ಲವೂ ಇದೆ. ಜನವಾದಿ ಮಹಿಳಾ ಸಂಘಟನೆ ಇದರ ವಿರುದ್ಧ ದೂರು ಕೊಟ್ಟು ಹೋರಾಡಿತು, 2003ರಲ್ಲಿ ಕೆಲವು ಜಾಹೀರಾತುಗಳು ನಿಂತವು. 2005ರಲ್ಲಿ ಬೇರೊಂದು ಕಂಪನಿ ಗಂಡಸರಿಗೂ ಒಂದು ಬಿಳುಪಿನ ಕ್ರೀಮು ತಂದು ಸಮಾನತೆ ಸಾಧಿಸಿತು! ಕೊನೆಗೆ 2020ರಲ್ಲಿ, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತ ಮೇಲೆ ಎದ್ದ ಅಲೆಯಲ್ಲಿ, 'ಫೇರ್' ಎಂಬ ಮಾತು ಹೋಗಿ 'ಗ್ಲೋ' ಬಂತು.

ನಮ್ಮ ಖಾಲಾ ಸಿಕ್ಕಿಬಿದ್ದದ್ದು ಈ ನಾಲ್ಕನೆಯದರಲ್ಲಲ್ಲ, ಎರಡನೆಯದರಲ್ಲಿ. ಮೂರನೆಯ ಹೆರಿಗೆಯ ನಂತರ ಅವರ ಎರಡೂ ಕೆನ್ನೆಗಳ ಮೇಲೆ ಝಾಯಿಯಾಂ ಬಂತು. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಎಲ್ಲ ಆಯಿತು. ಯಾರೋ ನಿಂಬೆಹಣ್ಣು ತಿಕ್ಕಲು ಹೇಳಿದರು. ನಿಂಬೆಯ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. 2003ರ ಸುಮಾರಿಗೆ ಊರಿನ ಒಂದು ಔಷಧಿ ಅಂಗಡಿಯಲ್ಲಿ ಯಾವ ಚೀಟಿಯೂ ಇಲ್ಲದೆ ಒಂದು ಸಣ್ಣ ಟ್ಯೂಬು ಸಿಕ್ಕಿತು. ಅದರಲ್ಲಿದ್ದದ್ದು ಕ್ಲಿಗ್‌ಮನ್ ಸೂತ್ರದ್ದೇ ಒಂದು ಮಾರ್ಪಾಡು, ಇನ್ನೂ ಜೋರಾದ ಸ್ಟಿರಾಯ್ಡ್ ಸೇರಿಸಿದ್ದು. ವೈದ್ಯರು ಕೆಲವು ವಾರ ಮಾತ್ರ, ಕಣ್ಣಿಟ್ಟು ಕೊಡಬೇಕಾದ ಔಷಧ. ಎರಡೇ ತಿಂಗಳಲ್ಲಿ ಖಾಲಾ ಬೆಳ್ಳಗಾದರು. ಮದುವೆಯೊಂದರಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಟ್ಯೂಬಿನ ಹೆಸರು ಬರೆದುಕೊಂಡರು. ಬರೆದುಕೊಟ್ಟದ್ದು ನಾವೇ, ನಮ್ಮ ಅಕ್ಷರ ಚೆನ್ನಾಗಿದೆಯೆಂದು. ಹಾಗೆ ನಮ್ಮ ಕೈಬರಹದ ಆರೇಳು ಚೀಟಿಗಳು ಆರೇಳು ಮನೆಗಳಿಗೆ ಹೋದವು.

ನಾಲ್ಕು ವರ್ಷ ಹಚ್ಚಿದರು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಯಿತು. ಒಲೆಯ ಮುಂದೆ ನಿಂತರೆ ಮುಖ ಕೆಂಡವಾಗುತ್ತಿತ್ತು. ಗಲ್ಲದ ಮೇಲೆ ಕೂದಲು ಬಂತು, ಐವತ್ತರ ಹತ್ತಿರ ಮೊಡವೆಗಳು ಬಂದವು. ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ. ಅಫೀಮಿನಂತೆ. ವೈದ್ಯರು 2008ರಲ್ಲಿ ಇದಕ್ಕೆ ಸ್ಟಿರಾಯ್ಡಿನಿಂದ ಹಾಳಾದ ಮುಖ ಎಂಬರ್ಥದ ಹೆಸರನ್ನೇ ಇಟ್ಟರು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ 12 ಕೇಂದ್ರಗಳಿಗೆ ಮುಖದ ತೊಂದರೆಯಿಂದ ಬಂದ 2926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ ಇಂಥ ಸ್ಟಿರಾಯ್ಡ್ ಹಚ್ಚುತ್ತಿದ್ದದ್ದು ತಿಳಿಯಿತು. ನುಂಗುವ ಔಷಧಕ್ಕಿದ್ದ ಚೀಟಿಯ ಕಟ್ಟಳೆಯಿಂದ ಮೇಲೆ ಹಚ್ಚುವ ಮುಲಾಮುಗಳಿಗೆ ವಿನಾಯಿತಿ ಇದ್ದದ್ದೇ ಇದಕ್ಕೆ ದಾರಿ. ಚರ್ಮರೋಗ ತಜ್ಞರ ಸಂಘದ ಒತ್ತಾಯದ ನಂತರ 2018ರಲ್ಲಿ ಸರಕಾರ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ಆ ವಿನಾಯಿತಿಯನ್ನು ತೆಗೆದುಹಾಕಿತು. ಕಾನೂನು ಬದಲಾಯಿತು, ಅಂಗಡಿಯ ಗಲ್ಲಾಪೆಟ್ಟಿಗೆಯ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಪಾದರಸ. ಅದು ಮೆಲನಿನ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ತಲುಪುತ್ತದೆ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗಿ ಕಾಲು ಊದಿಕೊಂಡು ಬಂದವರಲ್ಲಿ 22 ಮಂದಿಗೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ರೂಪ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಅಂಥ ಕ್ರೀಮುಗಳಲ್ಲಿ ಪಾದರಸ ಮಿತಿಮೀರಿ ಇತ್ತು. ಮಿತಿ ಎಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಕೇರಳ ಸರಕಾರ 2023ರಲ್ಲಿ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು. ತಯಾರಕನ ವಿಳಾಸವಿಲ್ಲದ, ಪರವಾನಗಿ ಸಂಖ್ಯೆಯಿಲ್ಲದ, ಯಾರೋ ಪರದೇಶದಿಂದ ಪ್ರೀತಿಯಿಂದ ತಂದುಕೊಟ್ಟ ಡಬ್ಬಿ ಮನೆಯಲ್ಲಿದ್ದರೆ ಓದುಗರು ಅದನ್ನು ಇಂದೇ ಮುಚ್ಚಿಡಬೇಕು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ದಾದಾ ಅವರ ಹಣೆಯ ನಡುವೆ ಕಪ್ಪು ಗುರುತೊಂದಿತ್ತು, ಐದು ಹೊತ್ತಿನ ಸಜ್ದೆಯಿಂದ ಆದದ್ದು. ಒತ್ತು ಮತ್ತು ಉಜ್ಜುವಿಕೆಯಿಂದ ಹಣೆ, ಮೊಣಕಾಲು, ಪಾದದ ಗಂಟುಗಳಲ್ಲಿ ಆಗುವ ಈ ಗುರುತುಗಳ ಬಗ್ಗೆ ಸೌದಿ ಅರೇಬಿಯಾದ ವೈದ್ಯರು 2002ರಲ್ಲಿ ಒಂದು ಲೇಖನ ಬರೆದಿದ್ದಾರೆ. ಚರ್ಮ ದಪ್ಪವಾಗಿ ಮೆಲನಿನ್ ಹೆಚ್ಚಾದದ್ದೇ ಹೊರತು ಬೇರೇನಲ್ಲ. ಖಾಲಾರ ಕೆನ್ನೆಯಲ್ಲಿದ್ದದ್ದೂ ಅದೇ ಮೆಲನಿನ್. ಒಂದೇ ಮನೆಯಲ್ಲಿ ದಾದಾರ ಕಪ್ಪನ್ನು ಕಂಡು ಜನ ಕೈ ಮುಟ್ಟಿ ಸಲಾಮು ಮಾಡುತ್ತಿದ್ದರು, ಖಾಲಾರ ಕಪ್ಪನ್ನು ಕಂಡು ಚ್ಚು ಚ್ಚು ಎನ್ನುತ್ತಿದ್ದರು.

ಕೊನೆಗೆ ಖಾಲಾರನ್ನು ಜಿಲ್ಲಾ ಕೇಂದ್ರದ ಚರ್ಮರೋಗ ತಜ್ಞೆಯ ಬಳಿ ಕರೆದೊಯ್ದವರು ನಾವೇ. ಆ ಡಾಕ್ಟರಮ್ಮ ಮೊದಲು ಮಾಡಿದ್ದು ಟ್ಯೂಬನ್ನು ನಿಧಾನವಾಗಿ ಬಿಡಿಸುವ ಕೆಲಸ. ಉರಿಗೆ ತಣ್ಣೀರಿನ ಬಟ್ಟೆ, ಸಾದಾ ತೇವದ ಕ್ರೀಮು, ಕೆಲವು ತಿಂಗಳ ತಾಳ್ಮೆ. ಆಮೇಲೆ ಬಿಸಿಲು ತಡೆಯುವ ಸನ್‌ಸ್ಕ್ರೀನ್, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಎರಡು ಬೆರಳುದ್ದ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುವುದರಿಂದ ಕಬ್ಬಿಣದ ಆಕ್ಸೈಡ್ ಬೆರೆತ, ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದೆಂದರು. ಒಲೆಯ ಝಳದಿಂದಲೂ ದೂರವಿರಲು ಹೇಳಿದಾಗ ಖಾಲಾ ನಕ್ಕರು. ಬೆಳಗಿಗೆ ನಿಯಾಸಿನಮೈಡ್, ರಾತ್ರಿಗೆ ಅಜೆಲಾಯಿಕ್ ಆಮ್ಲದ ಕ್ರೀಮು. ತಿಕ್ಕುವುದು, ಬ್ಲೀಚ್, ನಿಂಬೆ ಪೂರ್ತಿ ಬಂದ್. ಬಸಿರಿಯಾದ ಸೊಸೆ ಜೊತೆಗಿದ್ದಳು. ಅವಳಿಗೆ ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಎರಡೂ ಮುಟ್ಟಬಾರದೆಂದೂ, ಬಸಿರಿನ ಬಂಗು ಹಲವರಲ್ಲಿ ಹೆರಿಗೆಯ ನಂತರ ತಾನೇ ತಿಳಿಯಾಗುತ್ತದೆಂದೂ ಹೇಳಿದರು.

ಇನ್ನೊಂದು ಗುಳಿಗೆಯ ಮಾತೂ ಬಂತು, ಟ್ರಾನೆಕ್ಸಾಮಿಕ್ ಆಮ್ಲ. ಅದರ ಚರಿತ್ರೆ ನಮಗೆ ಬಹಳ ಪ್ರಿಯ. ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸಬೇಕೆಂದು ಜಪಾನಿನ ಉತಾಕೊ ಒಕಾಮೊಟೊ ಎಂಬ ವೈದ್ಯೆ ತಮ್ಮ ಪತಿಯ ಜೊತೆ 1962ರಲ್ಲಿ ಇದನ್ನು ಕಂಡುಹಿಡಿದರು. 1979ರಲ್ಲಿ ಅದೇ ದೇಶದ ಇನ್ನೊಬ್ಬ ವೈದ್ಯರು ಬೇರೆ ಕಾಯಿಲೆಗೆ ಇದನ್ನು ಕೊಟ್ಟಾಗ ರೋಗಿಯ ಬಂಗು ತಿಳಿಯಾದದ್ದನ್ನು ಗಮನಿಸಿದರು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಇದು ಅಪಾಯ, ಆದ್ದರಿಂದ ಅಂಗಡಿಯವನನ್ನು ಕೇಳಿ ತರುವ ಗುಳಿಗೆ ಅಲ್ಲ. ಖಾಲಾರ ಕಾಲಿನಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದ್ದರಿಂದ ಡಾಕ್ಟರಮ್ಮ ಅದನ್ನು ಬರೆಯಲಿಲ್ಲ.

"ಪೂರ್ತಿ ಹೋಗುತ್ತಾ ಅಮ್ಮಾ?" ಎಂದು ಖಾಲಾ ಕೇಳಿದರು. "ಇಲ್ಲ. ತಿಳಿಯಾಗುತ್ತೆ. ಬೇಸಿಗೇಲಿ ಸ್ವಲ್ಪ ಜಾಸ್ತಿ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ" ಎಂದರು ಡಾಕ್ಟರಮ್ಮ. ಇಪ್ಪತ್ತು ವರ್ಷಗಳಲ್ಲಿ ಖಾಲಾಗೆ ನಿಜ ಹೇಳಿದ ಮೊದಲನೆಯವರು ಅವರು.

ಈಗ ಖಾಲಾ ಮೆಣಸಿನಕಾಯಿ ಒಣಹಾಕಲು ಮಹಡಿಗೆ ಹೋಗುವ ಮುನ್ನ ಮಣ್ಣಿನ ಬಣ್ಣದ ಆ ಕ್ರೀಮನ್ನು ಬಳಿದುಕೊಳ್ಳುತ್ತಾರೆ. ಬಂಗು ಹಾಗೇ ಇದೆ, ತೆಳ್ಳಗೆ. ನಾವು ಅಂದು ಚೀಟಿ ಬರೆದುಕೊಟ್ಟ ಮನೆಗಳಲ್ಲಿ ಮೂರಕ್ಕೆ ಹೋಗಿ ಬಂದಿದ್ದೇವೆ. ಉಳಿದವರು ಎಲ್ಲಿದ್ದಾರೋ ಹುಡುಕುತ್ತಿದ್ದೇವೆ.